ಒಂದೇ ಬೋರ್‌ವೆಲ್, ಎರಡು ರಿಪೋರ್ಟ್: ಲ್ಯಾಬ್ ಸಾಫ್ಟ್‌ವೇರ್ ಲೆಕ್ಕ ಹಾಕುವ ಬಗೆ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿಹೋದವು. ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂತು. ಅಲ್ಲಿಂದೀಚೆಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪುಗಳಲ್ಲಿ ನೀರಿನ ರಿಪೋರ್ಟಿನ ಫೋಟೊ ಹರಿದಾಡುವುದು ಮಾಮೂಲಾಗಿದೆ. ಹೊಸ ಬೋರ್ ಕೊರೆಸಿದರೆ ಒಂದು ಪರೀಕ್ಷೆ, ಟ್ಯಾಂಕರ್‌ನವನು ಬದಲಾದರೆ ಇನ್ನೊಂದು. ರಿಪೋರ್ಟಿನಲ್ಲಿ ಇಪ್ಪತ್ತು ಸಾಲು, ಪ್ರತಿ ಸಾಲಿಗೂ ಒಂದು ಅಂಕಿ. ಆ ಅಂಕಿ ಹೇಗೆ ಹುಟ್ಟಿತು ಎಂದು ಕೇಳುವವರು ಕಡಿಮೆ. ಎರಡು ರಿಪೋರ್ಟ್ ತಾಳೆಯಾಗದಿದ್ದಾಗ ಮಾತ್ರ ಆ ಪ್ರಶ್ನೆ ಏಳುತ್ತದೆ.

ವಿದ್ಯಾರಣ್ಯಪುರದ ಕಡೆ ಇರುವ ನನ್ನ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಹಾಗೇ ಆಯಿತು. ಹೊಸ ಬೋರ್‌ವೆಲ್ ನೀರನ್ನು ಒಂದೇ ದಿನ ಎರಡು ಲ್ಯಾಬಿಗೆ ಕಳಿಸಿದ್ದರು. ನೀರಿನ ಗಡಸುತನ ಒಂದರಲ್ಲಿ 620, ಇನ್ನೊಂದರಲ್ಲಿ 248. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂದರೆ ಒಂದು ರಿಪೋರ್ಟ್ ನಂಬಿದರೆ ನೀರು ಮಿತಿ ದಾಟಿದೆ, ಇನ್ನೊಂದು ನಂಬಿದರೆ ಹೇಗೋ ನಡೆಯುತ್ತದೆ. ಲಕ್ಷಗಟ್ಟಲೆ ಕೊಟ್ಟು ಸಾಫ್ಟ್‌ನರ್ ಹಾಕಿಸಬೇಕೋ ಬೇಡವೋ ಎಂದು ಕಮಿಟಿಯಲ್ಲಿ ವಾದ. ಅಕ್ಕ ಎರಡೂ ಫೋಟೊ ಕಳಿಸಿ, "ಯಾವುದನ್ನ ನಂಬೋದು ಹೇಳು" ಅಂದಳು.

ನಾನು ಮೊದಲು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಬ್ಯುರೆಟ್, ಅಂದರೆ ಅಳತೆಯ ಗೆರೆಗಳಿರುವ ಗಾಜಿನ ಕೊಳವೆ, ಹಿಡಿದು ನಿಂತವನು. ಈಗ ಲ್ಯಾಬುಗಳ ಸಾಫ್ಟ್‌ವೇರಿನಲ್ಲಿ ಲೆಕ್ಕದ ಸೂತ್ರ ಬರೆದುಕೊಡುವುದೇ ನನ್ನ ಕೆಲಸ. ಎರಡೂ ಲ್ಯಾಬುಗಳನ್ನು ಕೇಳಿದೆ. ಎರಡನೆಯವರು ದೊಡ್ಡ ಮನಸ್ಸು ಮಾಡಿ ತಮ್ಮ ವರ್ಕ್‌ಶೀಟನ್ನೇ ತೋರಿಸಿದರು. ತಪ್ಪು ನೀರಿನಲ್ಲಿರಲಿಲ್ಲ, ಪರೀಕ್ಷೆ ಮಾಡಿದ ಕೈಯಲ್ಲೂ ಇರಲಿಲ್ಲ. ಸೂತ್ರದೊಳಗೆ ಕೂತಿದ್ದ "20" ಎಂಬ ಒಂದು ಸಂಖ್ಯೆಯಲ್ಲಿತ್ತು. ಅದನ್ನು ಅರ್ಥ ಮಾಡಿಕೊಂಡರೆ ಲ್ಯಾಬ್ ರಿಪೋರ್ಟುಗಳ ಬಗ್ಗೆ ಅರ್ಧ ತಿಳಿದಂತೆ.

ಗಡಸುತನವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ

ಬೆಂಗಳೂರಿನ ಅಡಿಯಲ್ಲಿರುವುದು ಬಹಳ ಹಳೆಯ ನೈಸ್ ಬಂಡೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವುದೂ ಅದರ ಮೇಲೆಯೇ. ಬೋರ್‌ವೆಲ್ ನೀರು ಈ ಬಂಡೆಯ ಬಿರುಕುಗಳಲ್ಲಿ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಸೋಪಿಗೆ ನೊರೆ ಬರದಿರುವುದು, ಗೀಸರ್ ಕಾಯಿಲಿಗೆ ಬಿಳಿ ಪದರ ಕಟ್ಟುವುದು ಇದರಿಂದಲೇ. ಈ ಎರಡನ್ನೂ ಸೇರಿಸಿ, ಅಷ್ಟೇ ಪರಿಣಾಮದ ಕ್ಯಾಲ್ಸಿಯಂ ಕಾರ್ಬೊನೇಟ್ ಎಷ್ಟಾಗುತ್ತದೆ ಎಂದು ಹೇಳುವ ಅಂಕಿಯೇ ಗಡಸುತನ.

ಇದನ್ನು ಅಳೆಯಲು ತಕ್ಕಡಿಯೂ ಇಲ್ಲ, ಮೀಟರೂ ಇಲ್ಲ. ಮಾಡುವುದು ಹೀಗೆ. ಅಳತೆ ಮಾಡಿದ ನೀರನ್ನು ಶಂಕುವಿನಾಕಾರದ ಫ್ಲಾಸ್ಕಿಗೆ ಹಾಕಿ, ಪಿಎಚ್ 10ರ ಸುಮಾರಿಗೆ ಬಂದು ಅಲ್ಲೇ ನಿಲ್ಲುವಂತೆ ಮಾಡುವ ಅಮೋನಿಯಾ ದ್ರಾವಣ, ಅಂದರೆ ಬಫರ್, ಸೇರಿಸುತ್ತಾರೆ. ಮೂಗಿಗೆ ಘಾಟು ಹೊಡೆಯುತ್ತದೆ. ಆಮೇಲೆ ಎರಿಯೊಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಪುಡಿ ಚಿಟಿಕೆಯಷ್ಟು. ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಮೇಲಿನ ಬ್ಯುರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಫ್ಲಾಸ್ಕನ್ನು ಆಡಿಸುತ್ತಾರೆ. ಇಡಿಟಿಎ ಒಂದೊಂದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಣವನ್ನು ಹಿಡಿದುಕೊಳ್ಳುತ್ತದೆ. ಕೆಂಪು ನೇರಳೆಯಾಗಿ, ಕೊನೆಯ ಕಣವೂ ಸಿಕ್ಕಿಬಿದ್ದಾಗ ಅಚ್ಚ ನೀಲಿಯಾಗುತ್ತದೆ. ಆ ಹನಿಗೆ ನಿಲ್ಲಿಸಬೇಕು. ಬ್ಯುರೆಟ್ಟಿನಲ್ಲಿ ಎಷ್ಟು ಮಿಲಿಲೀಟರ್ ಇಳಿಯಿತು ಎಂದು ಓದಿ ಬರೆದುಕೊಳ್ಳಬೇಕು.

ಎರಡನೆಯ ಲ್ಯಾಬಿನಲ್ಲಿ ಕಣ್ಣಿಗೆ ಕಂಡದ್ದು, ಕೈ ಅಳೆದದ್ದು ಇಷ್ಟೇ: 12.5 ಮಿಲಿ. ಅವರ ರಿಪೋರ್ಟಿನಲ್ಲಿರುವ 248 ಎಲ್ಲೂ ಕಂಡಿಲ್ಲ. ಅದು ಲೆಕ್ಕದಿಂದ ಬಂದದ್ದು. ನೀರಿನ ರಿಪೋರ್ಟಾಗಲಿ ರಕ್ತದ ರಿಪೋರ್ಟಾಗಲಿ, ಅದರಲ್ಲಿ ಹೆಚ್ಚಿನವು ಹೀಗೇ: ಯಂತ್ರವೋ ಮನುಷ್ಯನೋ ಅಳೆದದ್ದು ಒಂದು, ಕಾಗದದ ಮೇಲೆ ಬರುವುದು ಇನ್ನೊಂದು, ನಡುವೆ ಒಂದು ಸೂತ್ರ.

ಚರಾಕ್ಷರ ಅಂದರೆ ಆಟೊ ಮೀಟರ್ ನೆನಪಿಸಿಕೊಳ್ಳಿ

ಶಾಲೆಯಲ್ಲಿ ಚರಾಕ್ಷರ, ಸ್ಥಿರಾಂಕ ಎಂದು ಕಲಿತದ್ದನ್ನು ಹೆಚ್ಚಿನವರು ಪರೀಕ್ಷೆ ಮುಗಿದ ದಿನವೇ ಮರೆತಿರುತ್ತಾರೆ. ಆದರೆ ಆಟೊ ಹತ್ತಿದಾಗೆಲ್ಲ ಅದನ್ನೇ ನೋಡುತ್ತಿರುತ್ತೇವೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಮಲ್ಲೇಶ್ವರದಿಂದ 7 ಕಿಲೋಮೀಟರ್ ದೂರ ಹೋದರೆ 36 ಕೂಡಿಸು 5 ಗುಣಿಸು 18, ಒಟ್ಟು 126 ರೂಪಾಯಿ. ರಾತ್ರಿ ಹತ್ತರ ಮೇಲಾದರೆ ಒಂದೂವರೆ ಪಟ್ಟು, 189.

ಇಲ್ಲಿ ದೂರ ಎಂಬುದು ಪ್ರತಿ ಸವಾರಿಗೂ ಬೇರೆ. ಅದೇ ಚರಾಕ್ಷರ: ಖಾಲಿ ಪೆಟ್ಟಿಗೆ, ಈ ಸಲದ ಬೆಲೆ ಅದರೊಳಗೆ ಬಂದು ಕೂರುತ್ತದೆ. ಲೆಕ್ಕ ಹಾಕುವ ಕ್ರಮ ಮಾತ್ರ ಬದಲಾಗುವುದಿಲ್ಲ, ಅದು ಸೂತ್ರ. ನಮ್ಮ ಪ್ರಾಚೀನ ಗಣಿತಜ್ಞರು ಗೊತ್ತಿಲ್ಲದ ಬೆಲೆಯನ್ನು "ಯಾವತ್‌ತಾವತ್" ಎನ್ನುತ್ತಿದ್ದರು, ಎಷ್ಟಿದೆಯೋ ಅಷ್ಟು ಎಂದರ್ಥ. ಚರಾಕ್ಷರಕ್ಕೆ ಇದಕ್ಕಿಂತ ಚೆಂದದ ವಿವರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇನ್ನು 18 ರೂಪಾಯಿ ಎಂಬ ದರ? ಅದು ಇವತ್ತಿನ ಎಲ್ಲ ಸವಾರಿಗಳಿಗೂ ಒಂದೇ. ಹಾಗಂತ ಶಾಶ್ವತವೂ ಅಲ್ಲ, ಅದಕ್ಕೆ ಮೊದಲು 15 ಇತ್ತು. ದರ ಬದಲಾದಾಗ ಏನಾಯಿತು ನೆನಪಿದೆಯಲ್ಲ? ಹಳೆಯ ಮೀಟರ್ 105 ತೋರಿಸುತ್ತದೆ, ಚಾಲಕ ಹೊಸ ದರಪಟ್ಟಿ ತೋರಿಸಿ 126 ಕೇಳುತ್ತಾನೆ. ಮೀಟರನ್ನು ಬಿಚ್ಚಿ ಹೊಸ ದರ ತುಂಬಿಸಿ ಮುದ್ರೆ ಹಾಕಿಸುವ ತನಕ ಅದು ನಿಷ್ಠೆಯಿಂದ ತಪ್ಪು ಲೆಕ್ಕವನ್ನೇ ಕೊಡುತ್ತಿರುತ್ತದೆ. ಲ್ಯಾಬ್ ಸಾಫ್ಟ್‌ವೇರಿನಲ್ಲಿ ಆಗುವ ಹೆಚ್ಚಿನ ತಪ್ಪುಗಳಿಗೆ ಇದೇ ಸ್ವಭಾವ. ಎಂದೋ ಒಂದು ದಿನ ಬದಲಾಗಬೇಕಾದ ಬೆಲೆಯನ್ನು ಯಾರೋ ಸೂತ್ರದೊಳಗೆ ಗಟ್ಟಿಯಾಗಿ ಹುಗಿದಿಟ್ಟಿರುತ್ತಾರೆ.

ಸೂತ್ರವನ್ನು ಬಿಡಿಸಿ ನೋಡಿದರೆ

ಗಡಸುತನದ ಸೂತ್ರವನ್ನು ಮಾತಿನಲ್ಲಿ ಬರೆದರೆ ಹೀಗಿರುತ್ತದೆ:

ಗಡಸುತನ = (ಬ್ಯುರೆಟ್ − ಬ್ಲ್ಯಾಂಕ್) × ಫ್ಯಾಕ್ಟರ್ × 1000 ÷ ಸ್ಯಾಂಪಲ್

"ಬ್ಯುರೆಟ್" ಅಂದರೆ ಇಳಿದ ಇಡಿಟಿಎ, ಮಿಲಿಯಲ್ಲಿ. ಪ್ರತಿ ಮಾದರಿಗೂ ಹೊಸದಾಗಿ ತುಂಬಬೇಕು.

"ಬ್ಲ್ಯಾಂಕ್" ಸ್ವಲ್ಪ ವಿವರಿಸಬೇಕಾದದ್ದು. ಬಫರಿನಲ್ಲೂ ಡಿಸ್ಟಿಲ್ಡ್ ನೀರಿನಲ್ಲೂ ಒಂದಿಷ್ಟು ಕ್ಯಾಲ್ಸಿಯಂ ಇದ್ದೇ ಇರಬಹುದು. ಹಾಗಾಗಿ ಮಾದರಿಯ ಬದಲು ಶುದ್ಧ ನೀರನ್ನೇ ಇಟ್ಟುಕೊಂಡು ಇಡೀ ಪರೀಕ್ಷೆ ಒಮ್ಮೆ ಮಾಡುತ್ತಾರೆ. ತರಕಾರಿ ಅಂಗಡಿಯಲ್ಲಿ ಖಾಲಿ ಬುಟ್ಟಿಯ ತೂಕ ಕಳೆದು ಬದನೆಕಾಯಿಯ ತೂಕ ಹೇಳುತ್ತಾರಲ್ಲ, ಅದೇ ನ್ಯಾಯ. ಇದು ಮಾದರಿ ಮಾದರಿಗೆ ಬದಲಾಗುವುದಿಲ್ಲ. ಆ ದಿನದ ಇಡೀ ತಂಡಕ್ಕೆ, ಲ್ಯಾಬಿನವರ ಮಾತಿನಲ್ಲಿ ಆ ಬ್ಯಾಚಿಗೆ, ಒಂದೇ ಬೆಲೆ.

"ಫ್ಯಾಕ್ಟರ್" ಇಡಿಟಿಎ ದ್ರಾವಣದ ನಿಜವಾದ ಶಕ್ತಿ. ಅದರ ಸಾಂದ್ರತೆ ಸರಿಯಾಗಿ 0.01 ಮೋಲಾರ್ ಇದ್ದರೆ ಅದರ 1 ಮಿಲಿ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ, ಆಗ ಫ್ಯಾಕ್ಟರ್ 1. ಆದರೆ ಕೈಯಲ್ಲಿ ಮಾಡಿದ ದ್ರಾವಣ ಅಷ್ಟು ಕರಾರುವಾಕ್ಕಾಗಿ ಇರುವುದು ಅಪರೂಪ. ಬಲ ಗೊತ್ತಿರುವ ಕ್ಯಾಲ್ಸಿಯಂ ದ್ರಾವಣದ ಎದುರು ಹಚ್ಚಿ ನೋಡಿದಾಗ 0.98 ಬರಬಹುದು, 1.04 ಬರಬಹುದು. ಬಾಟಲಿ ಮುಗಿದು ಹೊಸದು ಮಾಡಿದ ದಿನ ಇದೂ ಬದಲಾಗಬೇಕು.

"ಸ್ಯಾಂಪಲ್" ಎಂದರೆ ಫ್ಲಾಸ್ಕಿಗೆ ಹಾಕಿದ ನೀರು ಎಷ್ಟು ಮಿಲಿ ಎಂಬುದು. ಉಳಿದದ್ದು 1000. ಒಂದು ಲೀಟರಿಗೆ ಸಾವಿರ ಮಿಲಿ, ಅದು ಇಂದಿಗೂ ನಾಳೆಗೂ ಸಾವಿರವೇ. ಈ ಸೂತ್ರದಲ್ಲಿ ನಿಜವಾದ ಸ್ಥಿರಾಂಕ ಇದೊಂದೇ.

ಹೀಗೆ ಒಂದೇ ಸಾಲಿನ ಸೂತ್ರದಲ್ಲಿ ಮೂರು ಆಯುಷ್ಯದ ಬೆಲೆಗಳಿವೆ: ಮಾದರಿಗೊಮ್ಮೆ ಬದಲಾಗುವುದು, ಬ್ಯಾಚಿಗೋ ಬಾಟಲಿಗೋ ಒಮ್ಮೆ ಬದಲಾಗುವುದು, ಎಂದೂ ಬದಲಾಗದಿರುವುದು. ಒಳ್ಳೆಯ ಸಾಫ್ಟ್‌ವೇರು ಈ ಮೂರನ್ನು ಬೇರೆ ಬೇರೆ ಜಾಗದಲ್ಲಿ ಇಡುತ್ತದೆ. ಮೊದಲನೆಯದು ಪರೀಕ್ಷೆಯ ಪರದೆಯಲ್ಲಿ, ಎರಡನೆಯದು ಬ್ಯಾಚಿನ ಇಲ್ಲವೇ ರೀಏಜೆಂಟಿನ (ಪರೀಕ್ಷೆಗೆ ಬಳಸುವ ರಾಸಾಯನಿಕದ) ದಾಖಲೆಯಲ್ಲಿ, ಮೂರನೆಯದು ಸೂತ್ರದೊಳಗೆ. ಸೂತ್ರ ಬರೆಯುವ ಮೊದಲು ನಾನು ಕೆಮಿಸ್ಟರನ್ನು ಕೂರಿಸಿಕೊಂಡು ಪ್ರತಿಯೊಂದಕ್ಕೂ ಕೇಳುವ ಪ್ರಶ್ನೆ ಒಂದೇ: "ಇದು ಯಾವಾಗ ಬದಲಾಗುತ್ತೆ?" ಉತ್ತರ ಕೊಡಲು ಅವರು ತಡವರಿಸಿದರೆ ಅಲ್ಲೇ ಪೆಟ್ಟಿಗೆ ಬೇಕು ಎಂದು ಗುರುತು ಹಾಕಿಕೊಳ್ಳುತ್ತೇನೆ.

ಆ "20" ಎಲ್ಲಿಂದ ಬಂತು

ಈಗ ಅಕ್ಕನ ಅಪಾರ್ಟ್‌ಮೆಂಟಿನ ನೀರಿಗೆ ಬರೋಣ. ಎರಡನೆಯ ಲ್ಯಾಬಿನ ವರ್ಕ್‌ಶೀಟಿನಲ್ಲಿ ಇದ್ದದ್ದು: ಬ್ಯುರೆಟ್ 12.5, ಬ್ಲ್ಯಾಂಕ್ 0.1, ಫ್ಯಾಕ್ಟರ್ 1.00. ಕಳೆದರೆ 12.4. ಫಲಿತಾಂಶ 248.

12.4ನ್ನು 20ರಿಂದ ಗುಣಿಸಿದರೆ 248. ಸೂತ್ರ ತೆರೆದು ನೋಡಿದರೆ ಅಲ್ಲಿ ಬರೆದಿದ್ದದ್ದೇ ಅದು: (ಬ್ಯುರೆಟ್ − ಬ್ಲ್ಯಾಂಕ್) × ಫ್ಯಾಕ್ಟರ್ × 20. ಸ್ಯಾಂಪಲ್ ಎಂಬ ಪೆಟ್ಟಿಗೆಯೇ ಇಲ್ಲ.

ಅಲ್ಲಿ ಸಾಮಾನ್ಯವಾಗಿ 50 ಮಿಲಿ ನೀರು ತೆಗೆದುಕೊಳ್ಳುತ್ತಿದ್ದರು. 1000ವನ್ನು 50ರಿಂದ ಭಾಗಿಸಿದರೆ 20. ಹಿಂದೆ ಕೈಲೆಕ್ಕದ ಕಾಲದಲ್ಲಿ ಸುಲಭವಾಗಲಿ ಎಂದು ಯಾರೋ "ಇಪ್ಪತ್ತರಿಂದ ಗುಣಿಸಿ" ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಸಾಫ್ಟ್‌ವೇರು ಬಂದಾಗ ಆ ವಾಕ್ಯವೇ ಸೂತ್ರವಾಯಿತು. ವರ್ಷಗಟ್ಟಲೆ ಏನೂ ತೊಂದರೆಯಾಗಲಿಲ್ಲ, ಏಕೆಂದರೆ ವರ್ಷಗಟ್ಟಲೆ ಎಲ್ಲರೂ 50 ಮಿಲಿಯೇ ತೆಗೆದುಕೊಂಡರು.

ಈ ನೀರು ಬಹಳ ಗಡಸು. 50 ಮಿಲಿ ಹಾಕಿದ್ದರೆ ಇಡಿಟಿಎ 31 ಮಿಲಿ ಇಳಿಯಬೇಕಿತ್ತು. ಹಾಗೆ ತುಂಬಾ ಹೊತ್ತು ಹನಿ ಬಿಡುತ್ತಾ ಕೂತರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳಕ್ಕಿಳಿಯುವ ಅಪಾಯವಿದೆ. ಅದಕ್ಕೇ ಇಡಿಟಿಎ 15 ಮಿಲಿ ದಾಟದಂತೆ, ಐದು ನಿಮಿಷದೊಳಗೆ ಮುಗಿಯುವಂತೆ ಮಾದರಿಯನ್ನು ಕಡಿಮೆ ತೆಗೆದುಕೊಳ್ಳಬೇಕು ಎಂಬುದು ವಿಧಾನದಲ್ಲೇ ಇರುವ ಮಾತು. ಪರೀಕ್ಷೆ ಮಾಡಿದ ಹುಡುಗ ಜಾಣ. 20 ಮಿಲಿ ಮಾತ್ರ ತೆಗೆದುಕೊಂಡ, ರಿಜಿಸ್ಟರಿನಲ್ಲಿ ಹಾಗೇ ಬರೆದೂ ಇಟ್ಟ. ಪರದೆಯಲ್ಲಿ ನೋಡಿದರೆ ಸೂತ್ರದ ತುದಿಯಲ್ಲಿ 20 ಎಂದಿದೆ. ತಾನು ತೆಗೆದುಕೊಂಡ 20 ಮಿಲಿಯೇ ಅದು, ಸಾಫ್ಟ್‌ವೇರಿಗೆ ಗೊತ್ತಾಗಿದೆ ಎಂದುಕೊಂಡ.

ಅವನನ್ನು ನಾನು ಸ್ವಲ್ಪವೂ ದೂರುವುದಿಲ್ಲ. ಹೆಸರಿಲ್ಲದ ಸಂಖ್ಯೆ ನೋಡುವವನಿಗೆ ತನಗೆ ಬೇಕಾದ ಅರ್ಥವನ್ನೇ ಕೊಡುತ್ತದೆ. ಅದೇ ಜಾಗದಲ್ಲಿ "1000 ÷ ಸ್ಯಾಂಪಲ್" ಎಂದಿದ್ದರೆ ಅವನು 20 ಎಂದು ತುಂಬುತ್ತಿದ್ದ, 12.4 ಗುಣಿಸು 50, ಉತ್ತರ 620. ಮೊದಲ ಲ್ಯಾಬಿನ ಅಂಕಿಯೇ.

ಇದೇ ಬಗೆಯ ತಪ್ಪು ರಕ್ತಪರೀಕ್ಷೆಯಲ್ಲಿ ಪ್ರಾಣಕ್ಕೇ ಬಂದದ್ದುಂಟು. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾತ್ರೆ ಎಷ್ಟು ಬೇಕೆಂದು ತಿಳಿಯಲು, ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ಹೇಳುವ ಐಎನ್‌ಆರ್ ಎಂಬ ಅಂಕಿ ನೋಡುತ್ತಾರೆ. ಅದರ ಸೂತ್ರದಲ್ಲಿ ರೋಗಿಯ ರಕ್ತ ಹೆಪ್ಪುಗಟ್ಟಿದ ಸಮಯವನ್ನು ಸಾಮಾನ್ಯ ಸಮಯದಿಂದ ಭಾಗಿಸಿ, ಬಂದದ್ದನ್ನು ಐಎಸ್‌ಐ ಎಂಬ ಘಾತಕ್ಕೆ ಏರಿಸಬೇಕು. ಐಎಸ್‌ಐ ರೀಏಜೆಂಟಿನ ಸೂಕ್ಷ್ಮತೆ ಹೇಳುವ ಬೆಲೆ, ಪ್ರತಿ ಹೊಸ ಲಾಟಿನ ಜೊತೆ ಕಂಪನಿ ಅದನ್ನು ಮುದ್ರಿಸಿ ಕಳಿಸುತ್ತದೆ. ಭಾಗಲಬ್ಧ 2 ಎಂದಿಟ್ಟುಕೊಳ್ಳಿ. ಐಎಸ್‌ಐ 1 ಆದರೆ ಐಎನ್‌ಆರ್ 2, ನೆಮ್ಮದಿಯ ಅಂಕಿ. ಐಎಸ್‌ಐ 2 ಆದರೆ ಐಎನ್‌ಆರ್ 4, ರಕ್ತಸ್ರಾವದ ಭಯ. 2001ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಆಸ್ಪತ್ರೆಯಲ್ಲಿ ರೀಏಜೆಂಟ್ ಬದಲಾದರೂ ಲೆಕ್ಕಕ್ಕೆ ಸರಿಯಾದ ಐಎಸ್‌ಐ ಸೇರಲಿಲ್ಲ. ನೂರಾರು ರೋಗಿಗಳ ಐಎನ್‌ಆರ್ ಇರುವುದಕ್ಕಿಂತ ಕಡಿಮೆ ಬಂತು. ವೈದ್ಯರು ರಿಪೋರ್ಟ್ ನಂಬಿ ಮಾತ್ರೆ ಹೆಚ್ಚಿಸಿದರು. ಸಾವುಗಳಾದ ಮೇಲೆ ತಪ್ಪು ಬಯಲಾಯಿತು.

ಹೆಸರು ಮುಖ್ಯವೋ, ಮನೆ ನಂಬರೋ

ನಗರದ ಎಷ್ಟೋ ಸಣ್ಣ ಲ್ಯಾಬುಗಳಲ್ಲಿ ಲೆಕ್ಕ ಇಂದಿಗೂ ಎಕ್ಸೆಲ್ ಹಾಳೆಯಲ್ಲೇ ನಡೆಯುತ್ತದೆ. ಎಕ್ಸೆಲ್ ಕೆಟ್ಟದ್ದಲ್ಲ. ಆದರೆ ಅಲ್ಲಿ ಸೂತ್ರ ಸಾಮಾನ್ಯವಾಗಿ ಹೆಸರು ಹಿಡಿದು ಕರೆಯುವುದಿಲ್ಲ, ವಿಳಾಸ ಹಿಡಿದು ಕರೆಯುತ್ತದೆ: "ಸಿ ಕಾಲಮ್ಮಿನ 7ನೇ ಸಾಲಿನಲ್ಲಿ ಏನಿದೆಯೋ ಅದು". ಬಾಡಿಗೆ ಮನೆಗೆ ಪೋಸ್ಟ್ ಬಂದ ಹಾಗೆ. ಹಳೆಯ ಬಾಡಿಗೆದಾರ ಖಾಲಿ ಮಾಡಿ ಹೊಸಬ ಬಂದಿದ್ದರೂ ಪೋಸ್ಟ್‌ಮ್ಯಾನ್ ಅದೇ ಬಾಗಿಲಿಗೆ ಕಾಗದ ಹಾಕಿ ಹೋಗುತ್ತಾನೆ. ಸೂತ್ರವನ್ನು ಕೆಳಗಿನ ಸಾಲಿಗೆ ಎಳೆದಾಗ ವಿಳಾಸವೂ ಒಂದು ಮನೆ ಕೆಳಗೆ ಜಾರುತ್ತದೆ. ಡಾಲರ್ ಚಿಹ್ನೆ ಹಾಕಿ ಕಟ್ಟಿಹಾಕದಿದ್ದರೆ ಬ್ಲ್ಯಾಂಕ್ ಇರುವ ಕೋಶ ಬಿಟ್ಟು ಪಕ್ಕದ ಖಾಲಿ ಕೋಶವನ್ನು ಕಳೆಯುತ್ತದೆ.

ಲ್ಯಾಬಿಗೆಂದೇ ಮಾಡಿದ ಸಾಫ್ಟ್‌ವೇರಿನಲ್ಲಿ, ಅದನ್ನು ಲಿಮ್ಸ್ ಎನ್ನುತ್ತಾರೆ, ಪ್ರತಿ ಪೆಟ್ಟಿಗೆಗೂ ಹೆಸರಿರುತ್ತದೆ. ಸೂತ್ರ ಆ ಹೆಸರನ್ನೇ ಕರೆಯುತ್ತದೆ. ಪರದೆಯಲ್ಲಿ ಪೆಟ್ಟಿಗೆ ಎಲ್ಲಿಗೆ ಹೋದರೂ ಲೆಕ್ಕ ಕೆಡುವುದಿಲ್ಲ. ಹೆಸರಿಡುವಾಗ ಜಿಪುಣತನ ಮಾಡಬಾರದು. "ಪ್ರಮಾಣ 1", "ಪ್ರಮಾಣ 2" ಎಂದಿಟ್ಟರೆ ಆರು ತಿಂಗಳ ನಂತರ ಬರೆದವರಿಗೇ ಅರ್ಥವಾಗದು. "ಸ್ಯಾಂಪಲ್ ಪ್ರಮಾಣ, ಮಿಲಿಯಲ್ಲಿ" ಎಂದು ಏಕಮಾನ ಸಮೇತ ಬರೆದರೆ ಲೀಟರಿನಲ್ಲಿ ತುಂಬುವ ಕೈ ಅಲ್ಲೇ ನಿಲ್ಲುತ್ತದೆ.

ಕಂಸವನ್ನೂ ಮರೆಯಬಾರದು. ಗುಣಾಕಾರ, ಭಾಗಾಕಾರ ಮೊದಲು, ಕೂಡುವುದು ಕಳೆಯುವುದು ಆಮೇಲೆ ಎಂಬ ಶಾಲೆಯ ನಿಯಮವನ್ನು ಸಾಫ್ಟ್‌ವೇರು ಚಾಚೂ ತಪ್ಪದೆ ಪಾಲಿಸುತ್ತದೆ. ಮೇಲಿನ ಸೂತ್ರದಲ್ಲಿ ಕಂಸ ಬಿಟ್ಟರೆ ಬ್ಲ್ಯಾಂಕ್ ಮಾತ್ರ ಗುಣಾಕಾರಕ್ಕೆ ಸಿಕ್ಕಿ 12.5ರಿಂದ 5 ಕಳೆದು ಗಡಸುತನ 7.5 ಎಂದು ಬರುತ್ತದೆ. ಅಷ್ಟು ಕಡಿಮೆ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಹೆದರಬೇಕಾದದ್ದು 248ರಂಥ ತಪ್ಪಿಗೆ, ನಿಜದಂತೆ ಕಾಣುವ ತಪ್ಪಿಗೆ.

ಖಾಲಿ ಬೇರೆ, ಸೊನ್ನೆ ಬೇರೆ

ಒಂದು ಪರೀಕ್ಷೆಯ ಉತ್ತರ ಇನ್ನೊಂದು ಪರೀಕ್ಷೆಗೆ ಚರಾಕ್ಷರವಾಗುವುದುಂಟು. ಮೆಗ್ನೀಸಿಯಂ ಹಾಗೆ. ಒಟ್ಟು ಗಡಸುತನದಿಂದ ಕ್ಯಾಲ್ಸಿಯಂ ಗಡಸುತನ ಕಳೆದು 0.243ರಿಂದ ಗುಣಿಸಿದರೆ ಮೆಗ್ನೀಸಿಯಂ ಸಿಗುತ್ತದೆ. ಒಟ್ಟು 620, ಕ್ಯಾಲ್ಸಿಯಂನದು 400 ಎಂದಿಟ್ಟುಕೊಳ್ಳಿ. ಉಳಿದ 220ಕ್ಕೆ ಮೆಗ್ನೀಸಿಯಂ ಲೀಟರಿಗೆ ಸುಮಾರು 53 ಮಿಲಿಗ್ರಾಂ. ಮಾನಕದಲ್ಲಿ ಇದರ ಒಳ್ಳೆಯ ಮಿತಿ 30, ಬೇರೆ ದಾರಿ ಇಲ್ಲದಾಗ 100.

ಕ್ಯಾಲ್ಸಿಯಂ ಪರೀಕ್ಷೆ ಇನ್ನೂ ಆಗಿಲ್ಲ, ಪೆಟ್ಟಿಗೆ ಖಾಲಿ ಎಂದುಕೊಳ್ಳಿ. ಸಾಫ್ಟ್‌ವೇರು ಖಾಲಿಯನ್ನು ಸೊನ್ನೆ ಎಂದು ಓದಿದರೆ 620 ಪೂರ್ತಿ ಮೆಗ್ನೀಸಿಯಂ ಪಾಲಿಗೆ ಹೋಗಿ ಉತ್ತರ 150 ದಾಟುತ್ತದೆ, ಕೆಂಪು ಅಕ್ಷರದಲ್ಲಿ "ಮಿತಿ ಮೀರಿದೆ" ಎಂದು ಬರುತ್ತದೆ. ಎಕ್ಸೆಲ್ ಖಾಲಿ ಕೋಶವನ್ನು ಕಳೆಯುವಾಗ ಸೊನ್ನೆ ಎಂದೇ ಹಿಡಿಯುತ್ತದೆ. "ಅಳೆದೆ, ಏನೂ ಸಿಗಲಿಲ್ಲ" ಎನ್ನುವುದಕ್ಕೂ "ಇನ್ನೂ ಅಳೆದಿಲ್ಲ" ಎನ್ನುವುದಕ್ಕೂ ಅಜಗಜಾಂತರ. ಖಾಲಿ ಇದ್ದರೆ ಲೆಕ್ಕವನ್ನೇ ನಿಲ್ಲಿಸು ಎಂದು ಸೂತ್ರದಲ್ಲಿ ಹೇಳಿರಬೇಕು. ಮೂರನೆಯದೂ ಒಂದಿದೆ: ಉಪಕರಣಕ್ಕೆ ಗುರುತಿಸಲು ಆಗದಷ್ಟು ಕಡಿಮೆ ಎಂಬ ಉತ್ತರ, ರಿಪೋರ್ಟಿನಲ್ಲಿ "ಬಿಡಿಎಲ್" ಎಂದಿರುತ್ತದೆ. ಅದು ಅಕ್ಷರ, ಸಂಖ್ಯೆಯಲ್ಲ. ಮುಂದಿನ ಸೂತ್ರಕ್ಕೆ ಅದು ಹೋಗಿ ಸೇರಿದರೆ ಏನು ಮಾಡಬೇಕೆಂದು ಲ್ಯಾಬು ಮೊದಲೇ ತೀರ್ಮಾನಿಸಿ ಬರೆದಿಟ್ಟಿರಬೇಕು.

ಪೆಟ್ಟಿಗೆಯಲ್ಲಿ ಮೊದಲೇ ತುಂಬಿಟ್ಟ ಬೆಲೆಯೂ ಹೀಗೇ ಮೋಸ ಮಾಡುತ್ತದೆ. ನೈಟ್ರೇಟ್ ಹೆಚ್ಚಿದ್ದರೆ ಉಪಕರಣದ ಅಳತೆಗೆ ಸಿಗಲೆಂದು ನೀರನ್ನು ಹತ್ತು ಪಟ್ಟು ತೆಳು ಮಾಡುತ್ತಾರೆ. ಬಂದ ಉತ್ತರವನ್ನು ಹತ್ತರಿಂದ ಗುಣಿಸಬೇಕು. ಆ ಪೆಟ್ಟಿಗೆಯಲ್ಲಿ ಮೊದಲೇ 1 ಎಂದು ಕೂರಿಸಿಟ್ಟರೆ ಅವಸರದಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ, ಹತ್ತು ಪಟ್ಟು ಕಡಿಮೆ ನೈಟ್ರೇಟ್ ರಿಪೋರ್ಟಾಗುತ್ತದೆ. ನಾನು ಅದನ್ನು ಖಾಲಿಯೇ ಬಿಡುತ್ತೇನೆ. ತೆಳು ಮಾಡದಿದ್ದರೂ ಕೈಯಾರೆ 1 ಒತ್ತಬೇಕು. ದಿನಕ್ಕೆ ನಲವತ್ತು ಮಾದರಿ ನೋಡುವವರಿಗೆ ಇದು ಕಿರಿಕಿರಿ ಎಂದು ಗೊತ್ತು. ಆದರೂ ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ, ಏಕೆಂದರೆ ನೈಟ್ರೇಟ್ ಹೆಚ್ಚಾದ ನೀರಿನಲ್ಲಿ ಹಾಲಿನ ಪುಡಿ ಬೆರೆಸಿ ಕುಡಿಸಿದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ.

ಏಕಮಾನದ ಗೊಂದಲ

ನೈಟ್ರೇಟಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕೆಲವು ಉಪಕರಣಗಳು ನೈಟ್ರೇಟನ್ನು ಅದರೊಳಗಿನ ಸಾರಜನಕದ ಲೆಕ್ಕದಲ್ಲಿ ತೋರಿಸುತ್ತವೆ, ಕೆಲವು ಪೂರ್ಣ ನೈಟ್ರೇಟ್ ಲೆಕ್ಕದಲ್ಲಿ. ಸಾರಜನಕದ ತೂಕ 14, ನೈಟ್ರೇಟಿನದು 62, ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು 4.43ರಿಂದ ಗುಣಿಸಬೇಕು. ಮಾನಕದ 45 ಮಿಲಿಗ್ರಾಂ ಮಿತಿ ಪೂರ್ಣ ನೈಟ್ರೇಟಿನದು. ಉಪಕರಣ ಸಾರಜನಕವೆಂದು 15 ತೋರಿಸಿ, ಅದನ್ನೇ 45ರ ಪಕ್ಕ ಇಟ್ಟರೆ ನೀರು ಎಷ್ಟು ಚೆನ್ನಾಗಿದೆ ಎನಿಸುತ್ತದೆ. ನಿಜದಲ್ಲಿ ಅದು 66. ಈ ಮಿತಿಗೆ ಗಡಸುತನದಂತೆ ಸಡಿಲಿಕೆಯೂ ಇಲ್ಲ.

ಸೂತ್ರಕ್ಕೂ ಒಂದು ಎಲ್ಲೆ

ರಕ್ತದ ಕೊಲೆಸ್ಟರಾಲ್ ರಿಪೋರ್ಟಿನಲ್ಲಿ ಎಲ್‌ಡಿಎಲ್ ("ಕೆಟ್ಟ" ಕೊಲೆಸ್ಟರಾಲ್) ಎಂಬ ಸಾಲು ಅನೇಕ ಸಲ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದಂತೆ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ಲನ್ನೂ ("ಒಳ್ಳೆಯ" ಕೊಲೆಸ್ಟರಾಲ್) ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಒಟ್ಟು 210, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 135. ಟ್ರೈಗ್ಲಿಸರೈಡ್ 400 ದಾಟಿದರೆ ಈ ಐದನೇ ಒಂದರ ಅಂದಾಜು ನಿಲ್ಲುವುದಿಲ್ಲ. ಆಗ ಸಾಫ್ಟ್‌ವೇರು ಅಂಕಿ ಕೊಡದೆ, ನೇರವಾಗಿ ಅಳೆಯಿರಿ ಎನ್ನಬೇಕು. ಆಟೊ ಮೀಟರಿನ ರಾತ್ರಿ ದರದ ಹಾಗೆ ಇದೂ ಸೂತ್ರದೊಳಗಿನ ಒಂದು ಷರತ್ತು. ಊಟ ಮಾಡಿ ಪರೀಕ್ಷೆಗೆ ಹೋದರೆ ಟ್ರೈಗ್ಲಿಸರೈಡ್ ಏರುತ್ತದೆ, ಲೆಕ್ಕದ ಎಲ್‌ಡಿಎಲ್ ತಾನಾಗಿ ಇಳಿಯುತ್ತದೆ.

ಅಂಕಿಯನ್ನು ಎಲ್ಲಿ ದುಂಡಗೆ ಮಾಡಬೇಕು ಎಂಬುದೂ ಇಲ್ಲೇ ಸೇರುತ್ತದೆ. ಕೊನೆಯಲ್ಲಿ ಮಾತ್ರ. ಫ್ಯಾಕ್ಟರ್ 1.04 ಇದ್ದದ್ದನ್ನು ಮಧ್ಯದಲ್ಲೇ 1 ಎಂದು ದುಂಡಗೆ ಮಾಡಿದರೆ 645 ಆಗಬೇಕಾದ ಗಡಸುತನ 620ಕ್ಕೆ ಇಳಿಯುತ್ತದೆ.

ಸೂತ್ರ ತಿದ್ದಿದ ಮೇಲೆ

ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಪರೀಕ್ಷಾ ಲ್ಯಾಬುಗಳನ್ನು ನೋಡುವುದು ಐಎಸ್‌ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ. ಅದರ 2017ರ ಆವೃತ್ತಿಯಲ್ಲಿ ಈ ವಿಷಯಕ್ಕೇ ಒಂದು ಭಾಗವಿದೆ. ಸಾಫ್ಟ್‌ವೇರನ್ನು ಬಳಕೆಗೆ ತರುವ ಮೊದಲು ಪರೀಕ್ಷಿಸಿರಬೇಕು, ಬದಲಾವಣೆಗೆ ಒಪ್ಪಿಗೆ ಮತ್ತು ದಾಖಲೆ ಇರಬೇಕು, ಲೆಕ್ಕಗಳನ್ನು ಕ್ರಮಬದ್ಧವಾಗಿ ತಾಳೆ ನೋಡಬೇಕು.

ತಾಳೆ ನೋಡುವುದೆಂದರೆ ದೊಡ್ಡ ವಿದ್ಯೆಯೇನಲ್ಲ. ಕಾಗದ, ಕ್ಯಾಲ್ಕುಲೇಟರ್ ಹಿಡಿದು ಕೈಯಿಂದ ಲೆಕ್ಕ ಹಾಕಿ ಪರದೆಯ ಉತ್ತರಕ್ಕೆ ಹೋಲಿಸುವುದು. ಎಲ್ಲರೂ ಎಡವುವುದು ಒಂದೇ ಕಡೆ: ಮಾಮೂಲಿ ಬೆಲೆಗಳನ್ನೇ ಕೊಟ್ಟು ನೋಡುತ್ತಾರೆ. ಸ್ಯಾಂಪಲ್ 50, ಫ್ಯಾಕ್ಟರ್ 1, ಬ್ಲ್ಯಾಂಕ್ ಸೊನ್ನೆ ಎಂದರೆ "× 20" ಇದ್ದ ಆ ಸೂತ್ರವೂ ಪಾಸಾಗುತ್ತಿತ್ತು, ಆಗಿಯೂ ಇತ್ತು. ಪ್ರತಿ ಚರಾಕ್ಷರವನ್ನೂ ಒಂದೊಂದಾಗಿ ಅಲುಗಾಡಿಸಿ ಉತ್ತರ ಅಲುಗುತ್ತದೆಯೇ ಎಂದು ನೋಡಬೇಕು. ಸ್ಯಾಂಪಲ್ಲನ್ನು 50ರಿಂದ 25ಕ್ಕೆ ಇಳಿಸಿದರೆ ಉತ್ತರ ಎರಡು ಪಟ್ಟಾಗಬೇಕು. ಆಗದಿದ್ದರೆ ಆ ಪೆಟ್ಟಿಗೆಗೂ ಸೂತ್ರಕ್ಕೂ ನಂಟೇ ಇಲ್ಲ.

ರಿಪೋರ್ಟ್ ಕೈಗೆ ಬಂದಾಗ ಏನು ಕೇಳಬಹುದು

ಸೂತ್ರ ತೋರಿಸಿ ಎಂದು ಎಲ್ಲರೂ ಕೇಳಬೇಕಾಗಿಲ್ಲ. ಅಂಕಿಯ ಪಕ್ಕ ಏಕಮಾನ ಇದೆಯೇ, ನೈಟ್ರೇಟ್ ಯಾವ ಲೆಕ್ಕದ್ದು, ಯಾವ ವಿಧಾನದಿಂದ ಪರೀಕ್ಷಿಸಿದರು ಎಂಬುದು ರಿಪೋರ್ಟಿನಲ್ಲೇ ಇರಬೇಕು. ಎರಡು ರಿಪೋರ್ಟುಗಳ ನಡುವೆ ದೊಡ್ಡ ಅಂತರವಿದ್ದರೆ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ನೋಡಿ. 2, 2.5, 10, 4.43 ಇಂಥ ಚೊಕ್ಕ ಅಂಕಿ ಬಂದರೆ ನೀರಿಗಿಂತ ಲೆಕ್ಕದ ಮೇಲೆ ಅನುಮಾನ ಪಡುವುದು ಸರಿ. ಅಕ್ಕ ಕಳಿಸಿದ 620ನ್ನು 248ರಿಂದ ಭಾಗಿಸಿದಾಗ ಸರಿಯಾಗಿ 2.5 ಬಂತು, 50 ಮತ್ತು 20ರ ನಡುವಿನ ಅನುಪಾತ. ನಾನು ಲ್ಯಾಬಿಗೆ ಫೋನ್ ಮಾಡಿದ್ದೇ ಅದನ್ನು ಕಂಡು. ಆಮೇಲೆ "ಮಾದರಿ ಎಷ್ಟು ಮಿಲಿ ತೆಗೆದುಕೊಂಡಿರಿ, ತೆಳು ಮಾಡಿದಿರಾ" ಎಂದು ಕೇಳಿದರೆ ಸಾಕು. ಒಳ್ಳೆಯ ಲ್ಯಾಬಿನವರು ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ಆ ಲ್ಯಾಬಿನವರು ಅದೇ ವಾರ ಸೂತ್ರ ತಿದ್ದಿಸಿದರು. ಈಗ ಅವರ ಪರದೆಯಲ್ಲಿ "ಸ್ಯಾಂಪಲ್ ಪ್ರಮಾಣ, ಮಿಲಿಯಲ್ಲಿ" ಎಂಬ ಖಾಲಿ ಪೆಟ್ಟಿಗೆ ಇದೆ, ತುಂಬದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಅಕ್ಕನ ಅಪಾರ್ಟ್‌ಮೆಂಟಿಗೆ ತಿದ್ದಿದ ರಿಪೋರ್ಟ್ ಬಂತು. ಏನು ಬದಲಾಯಿತು, ಏಕೆ ಎಂಬುದನ್ನು ಅದರಲ್ಲೇ ಬರೆದಿದ್ದರು. ಶನಿವಾರ ನಾನು ಹೋದಾಗ ಆ ಹುಡುಗ ಹಳೆಯ ರಿಜಿಸ್ಟರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. 50 ಅಲ್ಲದೆ ಬೇರೆ ಪ್ರಮಾಣ ಬರೆದಿದ್ದ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ, ಒಬ್ಬೊಬ್ಬ ಗ್ರಾಹಕರಿಗೇ ಫೋನ್ ಮಾಡಿ, "ಸಾರ್, ನಿಮ್ಮ ನೀರಿನ ರಿಪೋರ್ಟ್ ಬದಲಾಗಿದೆ, ಹೊಸದು ಕಳಿಸ್ತಾ ಇದೀವಿ" ಎಂದು ಹೇಳುತ್ತಿದ್ದ.